ಕೂಸು ಹುಟ್ಟುವ ಮೊದಲೇ ಕುಲಾವಿ: ಎನ್‌ಬಿಎ ಬಗ್ಗೆ ಓದುಗರ ಪ್ರಶ್ನೆಗಳು

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಬಂದ ಪತ್ರಗಳನ್ನು ಹರಡಿಕೊಂಡು ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಆಡಿ ಮುಗಿದ ಪಂದ್ಯಗಳ ಬಗ್ಗೆ ಕೇಳಿದವರು ಇಬ್ಬರೋ ಮೂವರೋ. ಉಳಿದವರೆಲ್ಲ ಕೇಳಿರುವುದು ಟ್ರೇಡ್‌ಗಳ ಬಗ್ಗೆ, ಮುಂದಿನ ವರ್ಷಗಳ ಡ್ರಾಫ್ಟ್ ಪಿಕ್‌ಗಳ ಬಗ್ಗೆ, ಇನ್ನೂ ಮೀಸೆ ಚಿಗುರುತ್ತಿರುವ ಹುಡುಗರ ಬಗ್ಗೆ. ಅಮೆರಿಕದ ಅಭಿಮಾನಿಗಳೂ ವರ್ಷದ ದೊಡ್ಡ ಭಾಗವನ್ನು ಇದೇ ಲೆಕ್ಕಾಚಾರದಲ್ಲಿ ಕಳೆಯುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಕೆಲಸ ಇದು ಎಂದು ನಗಬಹುದು. ಆದರೆ ಈ ಲೀಗಿನಲ್ಲಿ ಕುಲಾವಿಗೇ ಒಂದು ಮಾರುಕಟ್ಟೆ ಇದೆ, ಎಷ್ಟೋ ಸಲ ಕೂಸಿಗಿಂತ ಕುಲಾವಿಯೇ ದುಬಾರಿ.

ಐಪಿಎಲ್ ಹರಾಜು ನೋಡಿಕೊಂಡು ಬೆಳೆದವನು ನಾನು. ಎನ್‌ಬಿಎಯಲ್ಲಿ ಹಣವಿರುವ ತಂಡ ಒಳ್ಳೆಯ ಹುಡುಗನನ್ನು ನೇರವಾಗಿ ಏಕೆ ಕೊಂಡುಕೊಳ್ಳುವುದಿಲ್ಲ? ಡ್ರಾಫ್ಟ್, ಟ್ರೇಡ್ ಎಂದರೇನು ಎಂಬುದನ್ನು ಸರಳವಾಗಿ ತಿಳಿಸುವಿರಾ?
— ಹುಬ್ಬಳ್ಳಿಯ ಓದುಗರು

ಹರಾಜಿನಲ್ಲಿ ನಡೆಯುವುದು ಹಣದ ಮಾತು, ಡ್ರಾಫ್ಟಿನಲ್ಲಿ ನಡೆಯುವುದು ಸರದಿಯ ಮಾತು. ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ 30 ತಂಡಗಳು ಎರಡು ಸುತ್ತುಗಳಲ್ಲಿ, ಒಂದಾದ ಮೇಲೊಂದರಂತೆ, ಲೀಗಿಗೆ ಹೊಸದಾಗಿ ಬರುವ ಆಟಗಾರರನ್ನು ಹೆಸರಿಸುತ್ತವೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ, ಸ್ಥೂಲವಾಗಿ ಹೇಳುವುದಾದರೆ, ಮೊದಲ ಸರದಿ. ಆ ಸರದಿಗೇ ಪಿಕ್ ಎಂದು ಹೆಸರು. ಹುಡುಗನಿಗೆ ತಂಡವನ್ನು ಆರಿಸಿಕೊಳ್ಳುವ ಹಕ್ಕಿಲ್ಲ, ಮೊದಲ ಸುತ್ತಿನವರ ಸಂಬಳವೂ ಸರದಿಯ ಸಂಖ್ಯೆಗೆ ತಕ್ಕಂತೆ ಮೊದಲೇ ಗೊತ್ತುಮಾಡಿರುತ್ತದೆ. 2025ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಕೂಪರ್ ಫ್ಲ್ಯಾಗ್‌ಗೆ ಮೊದಲ ವರ್ಷದ ಸಂಬಳ ಸುಮಾರು 1.38 ಕೋಟಿ ಡಾಲರ್; ಅದೇ ಋತುವಿನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಸ್ಟೀಫನ್ ಕರಿಯ ಸಂಬಳ ಸುಮಾರು 5.96 ಕೋಟಿ ಡಾಲರ್. ಹುಡುಗ ಕೈಹಿಡಿದರೆ ನಾಲ್ಕು ವರ್ಷ ತಂಡಕ್ಕೆ ಆಗುವ ಉಳಿತಾಯವೆಷ್ಟು ಎಂಬುದನ್ನು ಇದರಿಂದಲೇ ಊಹಿಸಬಹುದು. ಅಭಿಮಾನಿಗಳು ಎಳೆಯ ಆಟಗಾರರ ಮೇಲೆ ಪ್ರಾಣ ಬಿಡುವುದಕ್ಕೆ ಅರ್ಧ ಕಾರಣ ಅವರ ಆಟ, ಇನ್ನರ್ಧ ಈ ಸಂಬಳದ ಚೀಟಿ.

ಟ್ರೇಡ್ ಎಂದರೆ ವಿನಿಮಯ. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್ ಬಿಟ್ಟು ಮುಂಬೈ ಇಂಡಿಯನ್ಸ್ ಸೇರಿದಾಗ ಗುಜರಾತ್‌ಗೆ ಬಂದದ್ದು ಹಣ ಮಾತ್ರ, ಬದಲಿ ಆಟಗಾರ ಬರಲಿಲ್ಲ. ಎನ್‌ಬಿಎಯಲ್ಲಿ ಬರೀ ಹಣ ಎಣಿಸಿ ಒಬ್ಬ ತಾರೆಯನ್ನು ಕರೆತರುವುದು ಆಗದ ಮಾತು. ಆಟಗಾರನಿಗೆ ಬದಲಾಗಿ ಆಟಗಾರರು, ಪಿಕ್‌ಗಳು ಅಥವಾ ಎರಡೂ ಹೋಗಬೇಕು, ಬಹುಪಾಲು ತಂಡಗಳ ವಿಷಯದಲ್ಲಿ ಎರಡೂ ಕಡೆಯ ಸಂಬಳಗಳು ಹೆಚ್ಚುಕಡಿಮೆ ತೂಗಬೇಕು. ಆಟಗಾರನ ಒಪ್ಪಿಗೆ ಕೇಳುವ ಪದ್ಧತಿಯೂ ಇಲ್ಲ. ಕೆಲವೇ ಕೆಲವರ ಕರಾರಿನಲ್ಲಿ ಮಾತ್ರ ಬೇಡವೆನ್ನುವ ಹಕ್ಕು ಬರೆದಿರುತ್ತದೆ.

ಡಲ್ಲಾಸ್ ತಂಡ ಲೂಕಾ ಡಾನ್ಚಿಚ್‌ನನ್ನು ಬಿಟ್ಟುಕೊಟ್ಟ ಮೂರೇ ತಿಂಗಳಿಗೆ ಅದಕ್ಕೆ ಲಾಟರಿಯಲ್ಲಿ ಮೊದಲ ಪಿಕ್ ಸಿಕ್ಕಿತು. ಸಾಧ್ಯತೆ ಶೇ 1.8 ಮಾತ್ರ ಇತ್ತಂತೆ. ಇದು ಮೊದಲೇ ಮಾಡಿಕೊಂಡ ಒಳಒಪ್ಪಂದ ಎಂದು ನನ್ನ ಗೆಳೆಯರು ಹೇಳುತ್ತಾರೆ. ನಿಮಗೇನನ್ನಿಸುತ್ತದೆ?
— ಮೈಸೂರಿನ ಓದುಗರು

ಆ ಟ್ರೇಡ್‌ನ ಸುದ್ದಿ ನಮ್ಮಲ್ಲಿ 2025ರ ಫೆಬ್ರವರಿ 2ರ ಭಾನುವಾರ ಬೆಳಗ್ಗೆ ಬಂತು. ಹಿಂದಿನ ದಿನವಷ್ಟೇ ಕೇಂದ್ರ ಬಜೆಟ್ ಮಂಡನೆಯಾಗಿದ್ದರಿಂದ ಪತ್ರಿಕೆಗಳ ತುಂಬ ಹನ್ನೆರಡು ಲಕ್ಷದ ತೆರಿಗೆ ವಿನಾಯಿತಿಯದೇ ಮಾತು. ನಾನು ಫೋನಿನಲ್ಲಿ ಸುದ್ದಿ ನೋಡಿ, ಅದನ್ನು ಬರೆದ ವರದಿಗಾರರ ಖಾತೆಯನ್ನು ಯಾರೋ ಕದ್ದಿದ್ದಾರೆ ಎಂದುಕೊಂಡು ಫೋನನ್ನು ಪಕ್ಕಕ್ಕಿಟ್ಟೆ. ಅಮೆರಿಕದಲ್ಲೂ ಸಾವಿರಾರು ಜನ ಹಾಗೆಯೇ ಅಂದುಕೊಂಡಿದ್ದರಂತೆ. 25 ವರ್ಷದ, ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್ಸ್‌ಗೆ ಕೊಂಡೊಯ್ದ ಆಟಗಾರನನ್ನು ಲಾಸ್ ಏಂಜಲಿಸ್ ಲೇಕರ್ಸ್‌ಗೆ ಕೊಟ್ಟು 31 ವರ್ಷದ ಆ್ಯಂಟನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು 2029ರ ಒಂದು ಮೊದಲ ಸುತ್ತಿನ ಪಿಕ್ ಪಡೆದ ವ್ಯವಹಾರವದು. ಅಭಿಮಾನಿಗಳು ಮನಸ್ಸಿನಲ್ಲಿ ಹೆಣೆಯುವ ನೂರಾರು ಟ್ರೇಡ್‌ಗಳಲ್ಲಿ ಇದನ್ನು ಯಾರಾದರೂ ಹೆಣೆದಿದ್ದರೆ ಉಳಿದವರು ನಕ್ಕು ಓಡಿಸುತ್ತಿದ್ದರು. ಡಲ್ಲಾಸ್‌ನ ಅಭಿಮಾನಿಗಳು ಪ್ರತಿ ಪಂದ್ಯದಲ್ಲೂ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಅವರನ್ನು ತೆಗೆದುಹಾಕಿ ಎಂದು ಕೂಗಿದರು. ನವೆಂಬರ್‌ನಲ್ಲಿ ತಂಡ ಅವರನ್ನು ತೆಗೆದೂ ಹಾಕಿತು.

ಇನ್ನು ಲಾಟರಿಯ ವಿಷಯ. ಪ್ಲೇಆಫ್ ತಲುಪದ ತಂಡಗಳಲ್ಲಿ ಮೊದಲ ಸರದಿಗಳು ಯಾರಿಗೆ ಎಂಬುದನ್ನು ನಿರ್ಧರಿಸುವುದು ಅದೇ. ಟಿವಿಯಲ್ಲಿ ನಾವು ನೋಡುವುದು ಲಕೋಟೆ ತೆರೆಯುವ ನಾಟಕ ಮಾತ್ರ. ನಿಜವಾದ ಲಾಟರಿ ಅದಕ್ಕೂ ಮೊದಲೇ ಒಂದು ಮುಚ್ಚಿದ ಕೋಣೆಯಲ್ಲಿ ಮುಗಿದಿರುತ್ತದೆ. ಒಳಗೆ ಹೋಗುವವರು ಫೋನುಗಳನ್ನು ಒಪ್ಪಿಸಬೇಕು, ಟಿವಿ ಕಾರ್ಯಕ್ರಮ ಮುಗಿಯುವವರೆಗೂ ಹೊರಗೆ ಬರುವಂತಿಲ್ಲ. ಪ್ಲೇಆಫ್ ತಲುಪದ 14 ತಂಡಗಳ ಪ್ರತಿನಿಧಿಗಳು, ಕೆಲವು ಪತ್ರಕರ್ತರು ಮತ್ತು ಲೆಕ್ಕಪರಿಶೋಧಕರು ಅಲ್ಲಿರುತ್ತಾರೆ. 1ರಿಂದ 14ರವರೆಗೆ ಸಂಖ್ಯೆ ಬರೆದ ಟೇಬಲ್ ಟೆನಿಸ್ ಚೆಂಡುಗಳು ಗಾಳಿಯಂತ್ರದಲ್ಲಿ ಕುಣಿಯುತ್ತಿರುತ್ತವೆ. ಯಂತ್ರಕ್ಕೆ ಬೆನ್ನು ಮಾಡಿ ನಿಂತ ಒಬ್ಬರು ಗಡಿಯಾರ ನೋಡಿ ಕೈ ಎತ್ತುತ್ತಾರೆ, ಒಂದು ಚೆಂಡು ಮೇಲೆ ಬರುತ್ತದೆ. ಮೊದಲ ಚೆಂಡಿಗೆ 20 ಸೆಕೆಂಡು, ಆಮೇಲಿನವುಗಳಿಗೆ 10 ಸೆಕೆಂಡು. ಹೀಗೆ ನಾಲ್ಕು ಚೆಂಡುಗಳು. ಅವು ಬಂದ ಕ್ರಮ ಮುಖ್ಯವಲ್ಲವಾದ್ದರಿಂದ 14 ಸಂಖ್ಯೆಗಳಿಂದ ನಾಲ್ಕನ್ನು ಆರಿಸುವ ಬಗೆಗಳು 1,001. ಒಂದನ್ನು ಬಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಮೊದಲೇ ಹಂಚಿರುತ್ತಾರೆ. ಅತಿ ಹೆಚ್ಚು ಸೋತ ಮೂರು ತಂಡಗಳಿಗೆ ತಲಾ 140 ಸಿಗುತ್ತವೆ. ಡಲ್ಲಾಸ್ ಬಳಿ ಇದ್ದದ್ದು 18.

ಸಾವಿರದಲ್ಲಿ ಹದಿನೆಂಟು ಎಂದರೆ ಸುಮಾರು ಐವತ್ತೈದರಲ್ಲಿ ಒಂದು. ಅಪರೂಪ ನಿಜ, ಅಸಾಧ್ಯವೇನಲ್ಲ. 1993ರಲ್ಲಿ ಒರ್ಲ್ಯಾಂಡೊ ಮ್ಯಾಜಿಕ್ 66ರಲ್ಲಿ ಒಂದು ಸಾಧ್ಯತೆಯಿಂದ ಗೆದ್ದಿತ್ತು, ಅದೂ ಹಿಂದಿನ ವರ್ಷ ಗೆದ್ದು ಶಕೀಲ್ ಒನೀಲ್‌ನನ್ನು ಪಡೆದ ಮೇಲೆ. 2008ರಲ್ಲಿ ಷಿಕಾಗೊ ಬುಲ್ಸ್ ಶೇ 1.7ರಿಂದ ಗೆದ್ದು ತನ್ನದೇ ಊರಿನ ಡೆರಿಕ್ ರೋಸ್‌ನನ್ನು ಆರಿಸಿಕೊಂಡಿತು. ನಾಲ್ಕು ದಶಕಗಳ ಕಾಲ ಪ್ರತಿ ವರ್ಷ ಚೀಟಿ ಎತ್ತುತ್ತಿದ್ದರೆ ಇಂಥವು ಆಗಾಗ ನಡೆಯದಿದ್ದರೇನೇ ಅನುಮಾನ ಪಡಬೇಕು. ಅನುಮಾನ ಮಾತ್ರ ಲಾಟರಿಯಷ್ಟೇ ಹಳೆಯದು: 1985ರ ಮೊಟ್ಟಮೊದಲ ಲಾಟರಿಯಲ್ಲಿ ನ್ಯೂಯಾರ್ಕ್ ನಿಕ್ಸ್‌ಗೆ ಪ್ಯಾಟ್ರಿಕ್ ಯೂಯಿಂಗ್ ಸಿಕ್ಕಾಗ, ಅವರ ಲಕೋಟೆಯನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದರು, ಕೈಗೆ ತಾಗಿದೊಡನೆ ಗೊತ್ತಾಗಲಿ ಎಂದು, ಎಂಬ ಕತೆ ಹುಟ್ಟಿ ಇಂದಿಗೂ ಸತ್ತಿಲ್ಲ. ನಿಮ್ಮ ಗೆಳೆಯರಿಗೆ ಒಂದು ಮಾತು ಕೇಳಿ: ಆ ಕೋಣೆಯಲ್ಲಿ ಮೋಸ ನಡೆದಿದ್ದರೆ, 17 ಗೆಲುವು 65 ಸೋಲಿನೊಡನೆ ಲೀಗಿನಲ್ಲೇ ಕೊನೆಯವರಾಗಿಯೂ ಐದನೇ ಪಿಕ್‌ಗೆ ಕುಸಿದ ಯೂಟಾ ಜಾಜ್‌ನವರು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರೆ?

ಆ ಟ್ರೇಡ್‌ನಲ್ಲಿ ಬಂದ 2029ರ ಪಿಕ್ ಬಗ್ಗೆಯೇ ನನ್ನ ಪ್ರಶ್ನೆ. ಆ ಪಿಕ್‌ನಲ್ಲಿ ಬರಬೇಕಾದ ಹುಡುಗ ಆಗ ಎಂಟನೆಯದೋ ಒಂಬತ್ತನೆಯದೋ ತರಗತಿಯಲ್ಲಿ ಓದುತ್ತಿರಬೇಕು. ಯಾರೆಂದೇ ಗೊತ್ತಿಲ್ಲದವನಿಗೆ ಬೆಲೆ ಕಟ್ಟುವುದು ಹೇಗೆ?
— ಕಲಬುರಗಿಯ ಓದುಗರು

ಬಂದ ಪತ್ರಗಳಲ್ಲೆಲ್ಲ ಅತ್ಯುತ್ತಮ ಪ್ರಶ್ನೆ ಇದು. ಬೆಲೆ ಕಟ್ಟುವುದು ಹುಡುಗನಿಗಲ್ಲ, ಪಿಕ್ ಕೊಟ್ಟ ತಂಡದ ಭವಿಷ್ಯಕ್ಕೆ. ಲೇಕರ್ಸ್‌ನ 2029ರ ಪಿಕ್ ಕೊಂಡವರು 2029ರ ಹೊತ್ತಿಗೆ ಲೇಕರ್ಸ್ ಮುದಿಯಾಗಿರುತ್ತದೆ, ಸೋಲುತ್ತಿರುತ್ತದೆ ಎಂದು ಪಣ ಕಟ್ಟಿದ್ದಾರೆ. ಪಕ್ಕದ ಮನೆಯ ತೆಂಗಿನ ಮರ ಯಾವಾಗ ಒಣಗುತ್ತದೆ ಎಂದು ಎಣಿಸುತ್ತ ಕೂತ ಹಾಗೆ. ಸಭ್ಯ ಲೆಕ್ಕಾಚಾರವೇನಲ್ಲ, ಆದರೆ ಲೀಗಿನ ಜಾಣ ತಂಡಗಳು ಬೆಳೆದಿರುವುದು ಹೀಗೆಯೇ.

ಎರಡು ಉದಾಹರಣೆಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ಕೂಡಲೇ ಚಾಂಪಿಯನ್ ಆಗುವ ಆತುರದಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನಿಂದ 37 ವರ್ಷದ ಕೆವಿನ್ ಗಾರ್ನೆಟ್, 35 ವರ್ಷದ ಪಾಲ್ ಪಿಯರ್ಸ್ ಮತ್ತು ಜೇಸನ್ ಟೆರಿಯನ್ನು ಕರೆತಂದಿತು. ಕೊಟ್ಟದ್ದು 2014, 2016, 2018ರ ಮೊದಲ ಸುತ್ತಿನ ಪಿಕ್‌ಗಳು, ಜೊತೆಗೆ 2017ರಲ್ಲಿ ಬೇಕಿದ್ದರೆ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು. ನೆಟ್ಸ್ ಒಂದು ಪ್ಲೇಆಫ್ ಸರಣಿ ಗೆದ್ದಿತು, ಅಷ್ಟೇ. ಒಂದೇ ವರ್ಷಕ್ಕೆ ಪಿಯರ್ಸ್ ಬೇರೆ ತಂಡಕ್ಕೆ ಹೊರಟರು. ಬಾಸ್ಟನ್‌ಗೆ 2014ರಲ್ಲಿ ಸಿಕ್ಕಿದ್ದು 17ನೇ ಪಿಕ್, ಅದರಿಂದ ಹೇಳಿಕೊಳ್ಳುವಂಥ ಆಟಗಾರ ಬರಲಿಲ್ಲ. ಅಷ್ಟಕ್ಕೇ ಕತೆ ನಿಂತಿದ್ದರೆ ಟ್ರೇಡನ್ನು ಯಾರೂ ನೆನೆಯುತ್ತಿರಲಿಲ್ಲ. ಆದರೆ ನೆಟ್ಸ್ ಮುಳುಗುತ್ತ ಹೋಯಿತು. 2016ರ ಪಿಕ್ ಮೂರನೆಯದಾಗಿ ಜೇಲೆನ್ ಬ್ರೌನ್ ಬಂದ. 2017ರಲ್ಲಂತೂ ಬಾಸ್ಟನ್ 53 ಪಂದ್ಯ ಗೆದ್ದು ಪೂರ್ವ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿತ್ತು, ಅದರ ಸ್ವಂತ ಸರದಿ 27ನೆಯದು. ಅದಲುಬದಲಿನ ಹಕ್ಕಿನಿಂದ ಅದು 20 ಪಂದ್ಯವಷ್ಟೇ ಗೆದ್ದಿದ್ದ ನೆಟ್ಸ್‌ನ ಮೊದಲನೇ ಸರದಿಗೆ ಹೋಗಿ ಕೂತಿತು. ಆ ಮೊದಲನೆಯದನ್ನೂ ಫಿಲಡೆಲ್ಫಿಯಕ್ಕೆ ಮಾರಿ, ಮೂರನೇ ಪಿಕ್ ಮತ್ತು ಮುಂದಿನ ಮತ್ತೊಂದು ಪಿಕ್ ಪಡೆದು, ತಾನು ಮೊದಲಿಂದಲೂ ಬಯಸಿದ್ದ ಜೇಸನ್ ಟೇಟಮ್‌ನನ್ನೇ ಆರಿಸಿಕೊಂಡಿತು. 2024ರಲ್ಲಿ ಬಾಸ್ಟನ್ ಚಾಂಪಿಯನ್ ಆದಾಗ ತಂಡದ ಎರಡು ಕಂಬಗಳು ಬ್ರೌನ್ ಮತ್ತು ಟೇಟಮ್.

ಎರಡನೆಯದು 2019ರ ಜುಲೈನದು. ಲಾಸ್ ಏಂಜಲಿಸ್ ಕ್ಲಿಪ್ಪರ್ಸ್‌ಗೆ ಕವಾಯ್ ಲೆನರ್ಡ್ ಬರಬೇಕಾದರೆ ಜೊತೆಗೆ ಒಕ್ಲಹೋಮ ಸಿಟಿ ಥಂಡರ್‌ನಲ್ಲಿದ್ದ ಪಾಲ್ ಜಾರ್ಜ್ ಬೇಕಿತ್ತು. ಥಂಡರ್‌ನ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಆ ಅಗತ್ಯವನ್ನು ಚೆನ್ನಾಗಿ ಅರಿತು ಕೇಳಿದ್ದು ಐದು ಮೊದಲ ಸುತ್ತಿನ ಪಿಕ್‌ಗಳು, ಎರಡು ಅದಲುಬದಲಿನ ಹಕ್ಕುಗಳು, ಡನಿಲೊ ಗಲ್ಲಿನಾರಿ ಮತ್ತು ಆಗಷ್ಟೇ ಒಂದು ವರ್ಷ ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್. ಅಂದು ಎಲ್ಲರೂ ಪಿಕ್‌ಗಳನ್ನು ಎಣಿಸುತ್ತಿದ್ದರು, ಆ ತೆಳ್ಳನೆಯ ಹುಡುಗನನ್ನು ಪಟ್ಟಿಯ ಕೊನೆಗೆ ಬರೆದವರೇ ಹೆಚ್ಚು. ಪಿಕ್‌ಗಳಲ್ಲೊಂದು 2022ರಲ್ಲಿ 12ನೆಯವನಾಗಿ ಜೇಲೆನ್ ವಿಲಿಯಮ್ಸ್ ಆಯಿತು. 2025ರ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ವಿಲಿಯಮ್ಸ್ 40 ಅಂಕ ಗಳಿಸಿದ. ಗಿಲ್ಜಸ್-ಅಲೆಕ್ಸಾಂಡರ್ ಆ ವರ್ಷ ಲೀಗಿನ ಅತ್ಯುತ್ತಮ ಆಟಗಾರನೂ ಆದ, ಫೈನಲ್ಸ್‌ನ ಅತ್ಯುತ್ತಮನೂ ಆದ. ಥಂಡರ್ ಏಳನೇ ಪಂದ್ಯದಲ್ಲಿ ಇಂಡಿಯಾನಾ ಪೇಸರ್ಸ್‌ನನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು.

ತಂಡಗಳು ಹೀಗೆ ಭವಿಷ್ಯವನ್ನೆಲ್ಲ ಮಾರಿಕೊಂಡು ಬೀದಿಗೆ ಬರಬಾರದೆಂದು ಲೀಗ್ ಕೆಲವು ಬೇಲಿಗಳನ್ನು ಹಾಕಿದೆ. ಏಳು ವರ್ಷಕ್ಕಿಂತ ದೂರದ ಪಿಕ್ ಮಾರುವಂತಿಲ್ಲ. ಸತತ ಎರಡು ಮುಂದಿನ ವರ್ಷಗಳಲ್ಲಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಮಾಡಿಕೊಳ್ಳುವಂತಿಲ್ಲ. ಈ ಎರಡನೆಯ ನಿಯಮಕ್ಕೆ ಸ್ಟೆಪಿಯನ್ ನಿಯಮ ಎಂಬ ಹೆಸರು ಬಂದದ್ದು 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕರಾಗಿದ್ದ ಟೆಡ್ ಸ್ಟೆಪಿಯನ್ ಅವರ ಧಾರಾಳತನದಿಂದ. ಕೈಜಾರಿ ಹೋಗುವ ಭಯವಿದ್ದವರು ಪಿಕ್‌ಗೆ ರಕ್ಷಣೆಯ ಷರತ್ತು ಬರೆಸುವುದೂ ಉಂಟು: ಸರದಿ ಮೊದಲ ನಾಲ್ಕರೊಳಗೆ ಬಂದರೆ ನಮ್ಮಲ್ಲೇ ಉಳಿಯುತ್ತದೆ, ಐದರಿಂದ ಆಚೆ ಬಂದರೆ ನಿಮ್ಮದು ಎಂಬ ರೀತಿಯಲ್ಲಿ. ಅಂಥ ತಂಡದ ಅಭಿಮಾನಿಗಳು ಋತುವಿನ ಕೊನೆಯ ವಾರ ತಮ್ಮವರೇ ಸೋಲಲಿ ಎಂದು ಹರಕೆ ಹೊರುವುದನ್ನು ನಾನು ಕಂಡಿದ್ದೇನೆ.

ಹಾಗಾದರೆ ಬೇಕೆಂದೇ ಸೋಲುವುದು ಸರಿಯೆ?
— ಉಡುಪಿಯ ಓದುಗರು

ಆಟಗಾರರು ಬೇಕೆಂದು ಸೋಲುವುದಿಲ್ಲ; ಆಡಳಿತ ಗೆಲ್ಲಲಾಗದ ತಂಡವನ್ನು ಕಣಕ್ಕಿಳಿಸುತ್ತದೆ. ಫಿಲಡೆಲ್ಫಿಯ ಸೆವೆಂಟಿಸಿಕ್ಸರ್ಸ್ 2013ರಿಂದ ಇದನ್ನು ಮುಚ್ಚುಮರೆಯಿಲ್ಲದೆ ಮಾಡಿ, 2015-16ರಲ್ಲಿ 82 ಪಂದ್ಯಗಳಲ್ಲಿ 10 ಮಾತ್ರ ಗೆದ್ದಿತು. ಜೋಯೆಲ್ ಎಂಬೀಡ್ ಸಿಕ್ಕಿದ, ಪ್ರಶಸ್ತಿ ಸಿಗಲಿಲ್ಲ. ಅತಿ ಕೆಟ್ಟ ತಂಡಕ್ಕೆ ಮೊದಲ ಪಿಕ್‌ನ ಸಾಧ್ಯತೆಯನ್ನು 2019ರಿಂದ ಶೇ 25ರ ಬದಲು ಶೇ 14ಕ್ಕೆ ಇಳಿಸಿದ್ದು ಈ ಚಾಳಿಯನ್ನು ತಡೆಯಲೆಂದೇ. ಚಾಳಿ ಕಡಿಮೆಯಾಗಿದೆ ಎಂದು ಹೇಳುವ ಧೈರ್ಯ ನನಗಿಲ್ಲ; ಸರದಿಗೆ ಬೆಲೆ ಇರುವವರೆಗೆ ಸೋಲಿಗೂ ಬೆಲೆ ಇದ್ದೇ ಇರುತ್ತದೆ.

ಪ್ರಥಮ ಪಿಯುಸಿ ಓದುವ ನನ್ನ ಮಗ ಲ್ಯಾಪ್‌ಟಾಪಿನ ಮುಂದೆ ಕೂತು ಟ್ರೇಡ್ ಮಷಿನ್ ಎಂಬುದರಲ್ಲಿ ಗಂಟೆಗಟ್ಟಲೆ ಆಟಗಾರರನ್ನು ಅಲ್ಲಿಂದ ಇಲ್ಲಿಗೆ ಕಳಿಸುತ್ತಿರುತ್ತಾನೆ. ಅವನ ಮಾತನ್ನು ಅಮೆರಿಕದಲ್ಲಿ ಯಾರು ಕೇಳುತ್ತಾರೆ? ಇದರಿಂದ ಏನಾದರೂ ಪ್ರಯೋಜನವಿದೆಯೇ?
— ಶಿವಮೊಗ್ಗದ ಓದುಗರು

ಯಾರೂ ಕೇಳುವುದಿಲ್ಲ. ಆದರೂ ಅವನು ಮಾಡುತ್ತಿರುವುದು ನೀವು ಅಂದುಕೊಂಡಷ್ಟು ಸುಲಭದ ಕೆಲಸವಲ್ಲ. ಆ ಯಂತ್ರದಲ್ಲಿ ಎರಡು ತಂಡಗಳನ್ನು ಆರಿಸಿ, ಇವನನ್ನು ಅಲ್ಲಿಗೆ, ಅವನನ್ನು ಇಲ್ಲಿಗೆ ಎಂದು ಕಳಿಸಿ ಗುಂಡಿ ಒತ್ತಿದರೆ, ಸಂಬಳಗಳು ನಿಯಮಕ್ಕೆ ಹೊಂದುತ್ತವೆಯೋ ಇಲ್ಲವೋ ಎಂದು ಅದು ಹೇಳುತ್ತದೆ. 2025-26ರ ಋತುವಿಗೆ ತಂಡದ ಒಟ್ಟು ಸಂಬಳದ ಮಿತಿ ಸುಮಾರು 15.46 ಕೋಟಿ ಡಾಲರ್. ಇದನ್ನು ಕೆಲವು ವಿನಾಯಿತಿಗಳೊಂದಿಗೆ ದಾಟಬಹುದು, ಆದರೆ 20.78 ಕೋಟಿಯ ಆಸುಪಾಸಿನಲ್ಲಿ ಎರಡನೇ ಏಪ್ರನ್ ಎಂಬ ಗೆರೆಯೊಂದಿದೆ. ಅದನ್ನು ದಾಟಿದ ತಂಡಕ್ಕೆ ಇಬ್ಬರ ಸಂಬಳವನ್ನು ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವ ಅವಕಾಶವೂ ಇಲ್ಲ, ಟ್ರೇಡ್‌ನಲ್ಲಿ ಹಣ ಕೊಡುವ ಅವಕಾಶವೂ ಇಲ್ಲ. 2024ರಲ್ಲಿ ಚಾಂಪಿಯನ್ ಆದ ಬಾಸ್ಟನ್ ಮರುವರ್ಷದ ಬೇಸಿಗೆಯಲ್ಲಿ ಜ್ರೂ ಹಾಲಿಡೇಯನ್ನು ಪೋರ್ಟ್‌ಲ್ಯಾಂಡ್‌ಗೂ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್‌ನನ್ನು ಅಟ್ಲಾಂಟಕ್ಕೂ ಕಳಿಸಿದ್ದು ಈ ಗೆರೆಯ ಭಯದಿಂದ. ನಿಮ್ಮ ಮಗನಿಗೆ ಇದೆಲ್ಲ ಬಾಯಿಪಾಠವಾಗಿರಬಹುದು.

ಅಭಿಮಾನಿಗಳ ಟ್ರೇಡ್‌ಗಳಲ್ಲಿ ಇರುವ ದೋಷ ಬೇರೆಯದೇ. ಪ್ರತಿಯೊಬ್ಬರೂ ತಮ್ಮ ತಂಡದ ಬೆಂಚು ಕಾಯುವ ಮೂವರನ್ನೂ ಎರಡನೇ ಸುತ್ತಿನ ಎರಡು ಪಿಕ್‌ಗಳನ್ನೂ ಕೊಟ್ಟು ಎದುರಿನವರ ತಾರೆಯನ್ನು ಕೇಳುತ್ತಾರೆ. ಹೆಣ್ಣು ನೋಡಲು ಹೋದವರು ತಮ್ಮ ಹುಡುಗನ ಗುಣಗಾನವನ್ನಷ್ಟೇ ಮಾಡಿ ಬಂದ ಹಾಗೆ. ಮುಂದಿನ ಸಲ ಅವನು ಒಂದು ಟ್ರೇಡ್ ಹೆಣೆದಾಗ, ಎದುರಿನ ತಂಡದ ಮ್ಯಾನೇಜರ್ ನಾನು, ಇದಕ್ಕೆ ನಾನೇಕೆ ಒಪ್ಪಬೇಕು ಎಂದು ನೀವು ಕೇಳಿ ನೋಡಿ. ಇನ್ನೊಂದು ಸಣ್ಣ ಸಲಹೆ: ಮೇಲೆ ಹೇಳಿದ 1,001ರ ಲೆಕ್ಕ ಅವನ ಪ್ರಥಮ ಪಿಯುಸಿ ಗಣಿತದ ಪಾಠದಲ್ಲೇ ಇದೆ, ಬಿಡಿಸಿ ತೋರಿಸಲು ಹೇಳಿ. ಟ್ರೇಡ್ ಗಡುವು ಬರುವುದು ಫೆಬ್ರವರಿಯ ಆರಂಭದಲ್ಲಿ, ನೇರವಾಗಿ ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲಿ. ಆ ಒಂದು ವಾರ ಲ್ಯಾಪ್‌ಟಾಪಿನ ಚಾರ್ಜರ್ ನಿಮ್ಮ ಬಳಿ ಇರಲಿ.

ಪ್ರತಿ ತಂಡದಲ್ಲೂ ಹುಡುಗರನ್ನು ಅಳೆಯುವ ಪರಿಣತರ ಪಡೆಯೇ ಇದೆ. ಆದರೂ ಅವರು ಹೀಗೆ ಎಡವುವುದೇಕೆ?
— ದಾವಣಗೆರೆಯ ಓದುಗರು

ಹದಿನೆಂಟು ಹತ್ತೊಂಬತ್ತು ವರ್ಷದವರನ್ನು ನೋಡಿ ಇಪ್ಪತ್ತೈದರಲ್ಲಿ ಹೇಗಿರುತ್ತಾರೆಂದು ಹೇಳಬೇಕಾದ ಕೆಲಸ ಅದು. ಡ್ರಾಫ್ಟಿಗೆ ಬರಲು ಆ ವರ್ಷದಲ್ಲಿ ಕನಿಷ್ಠ 19 ತುಂಬಬೇಕು. ಅನೇಕರು ಕಾಲೇಜಿನಲ್ಲಿ ಒಂದೇ ಋತು, ಮೂವತ್ತು ನಲವತ್ತು ಪಂದ್ಯ ಆಡಿ ಬರುತ್ತಾರೆ. 2013ರಲ್ಲಿ ಕ್ಲೀವ್‌ಲ್ಯಾಂಡ್ ಮೊದಲನೆಯವನಾಗಿ ಆರಿಸಿದ ಆ್ಯಂಟನಿ ಬೆನೆಟ್ ಮೊದಲ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 4.2 ಅಂಕ ಗಳಿಸಿ, ನಾಲ್ಕು ವರ್ಷಗಳಲ್ಲಿ ನಾಲ್ಕು ತಂಡ ಸುತ್ತಿ ಲೀಗಿನಿಂದಲೇ ಮರೆಯಾದ. ಅದೇ ರಾತ್ರಿ 15ನೆಯವನಾಗಿ ಮಿಲ್ವಾಕಿಗೆ ಹೋದವನು, ಗ್ರೀಸ್‌ನ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ ಯಾನಿಸ್ ಆ್ಯಂಟೆಟೊಕೂಂಪೊ. 2021ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ 50 ಅಂಕ ಗಳಿಸಿ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2014ರ 41ನೇ ಪಿಕ್‌ನ ಪ್ರಸಂಗ. ಡೆನ್ವರ್ ನಗೆಟ್ಸ್ ಸರ್ಬಿಯದ ನಿಕೊಲಾ ಯೋಕಿಚ್ ಎಂಬ ದಪ್ಪನೆಯ ಹುಡುಗನನ್ನು ಹೆಸರಿಸಿದಾಗ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು; ಅವನ ಹೆಸರು ಪರದೆಯ ಕೆಳಗಿನ ಪಟ್ಟಿಯಲ್ಲಿ ಸದ್ದಿಲ್ಲದೆ ಹಾದು ಹೋಯಿತು. ಮುಂದೆ ಅವನು ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರನಾದ, 2023ರಲ್ಲಿ ಡೆನ್ವರ್‌ಗೆ ಅದರ ಮೊದಲ ಪ್ರಶಸ್ತಿ ಗೆದ್ದುಕೊಟ್ಟ. ಡೆನ್ವರ್‌ನವರ ಜಾಣ್ಮೆಯನ್ನು ಹೊಗಳುವವರು ಒಂದು ಮರೆಯುತ್ತಾರೆ: ಅವನು ಹೀಗಾಗುತ್ತಾನೆಂದು ಅವರಿಗೂ ಗೊತ್ತಿದ್ದರೆ 41ರವರೆಗೆ ಕಾಯುತ್ತಿದ್ದರೆ? ಎತ್ತರವನ್ನು, ಜಿಗಿತವನ್ನು, ಚಾಚಿದ ತೋಳುಗಳ ಅಗಲವನ್ನು ಟೇಪು ಹಿಡಿದು ಅಳೆಯಬಹುದು. ಸಹ ಆಟಗಾರ ಇನ್ನೊಂದು ಕ್ಷಣದಲ್ಲಿ ಎಲ್ಲಿರುತ್ತಾನೆ ಎಂದು ನೋಡದೆಯೇ ಚೆಂಡು ಕಳಿಸುವ ಬುದ್ಧಿಯನ್ನು ಅಳೆಯುವ ಟೇಪು ಇನ್ನೂ ಬಂದಿಲ್ಲ. ಜೊತೆಗೆ ಗಾಯ, ತಾಳ್ಮೆಯಿಲ್ಲದ ಕೋಚ್, ಅವನ ಜಾಗದಲ್ಲೇ ಆಡುವ ಹಿರಿಯನೊಬ್ಬ ತಂಡದಲ್ಲಿರುವುದು, ಇವೆಲ್ಲ ಹುಡುಗನ ಹಣೆಬರಹದಲ್ಲಿ ಸೇರಿರುತ್ತವೆ. ಪರಿಣತರನ್ನು ಆಡಿಕೊಳ್ಳುವ ಹಕ್ಕು ನನಗಂತೂ ಇಲ್ಲ. 2018ರಲ್ಲಿ ಯೂರೋಪಿನಲ್ಲಿ ಆಡಿದ ಡಾನ್ಚಿಚ್‌ನ ಕಾಲುಗಳು ಈ ಲೀಗಿಗೆ ನಿಧಾನವಾದವು ಎಂದು ಗೆಳೆಯರೊಡನೆ ಬೆಳಗಿನ ಕಾಫಿ ಆರುವವರೆಗೆ ವಾದಿಸಿದವನು ನಾನು.

ಶಾಲಾ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಭಾರತದ ಹುಡುಗನೊಬ್ಬ ಡ್ರಾಫ್ಟ್‌ನಲ್ಲಿ ಆಯ್ಕೆಯಾಗುವುದು ಸಾಧ್ಯವೇ ಎಂದು ಮಕ್ಕಳು ಕೇಳುತ್ತಾರೆ.
— ಬೆಂಗಳೂರಿನ ಓದುಗರು

ಈಗಾಗಲೇ ಆಗಿದ್ದಾನೆ ಎಂದು ಹೇಳಿ. 2015ರಲ್ಲಿ ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ, 7 ಅಡಿ 2 ಅಂಗುಲ ಎತ್ತರದ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ 52ನೆಯವನಾಗಿ ಆರಿಸಿತು. ಲುಧಿಯಾನದ ಅಕಾಡೆಮಿಯಿಂದ ಫ್ಲೋರಿಡಾಕ್ಕೆ ತರಬೇತಿಗೆ ಹೋಗಿದ್ದ ಹುಡುಗ. ಡಲ್ಲಾಸ್‌ನ ಕಿರಿಯ ತಂಡ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ ಆಡಿದರೂ ಎನ್‌ಬಿಎಯ ಒಂದು ಪಂದ್ಯದಲ್ಲೂ ಅವನಿಗೆ ಅವಕಾಶ ಸಿಗಲಿಲ್ಲ, ಮುಂದೆ ವೃತ್ತಿಪರ ಕುಸ್ತಿಗೆ ಹೋದ. ಇದನ್ನೂ ಮಕ್ಕಳಿಗೆ ಹೇಳಿ, ಮುಚ್ಚಿಡಬೇಡಿ. ಎರಡನೇ ಸುತ್ತಿನಲ್ಲಿ ಹೆಸರು ಬಂದ ಅಮೆರಿಕದ ಹುಡುಗರಲ್ಲೂ ಎಷ್ಟೋ ಜನರ ಕತೆ ಇದೇ. ನಿಮ್ಮ ತರಬೇತಿಗೆ ಹೆಣ್ಣುಮಕ್ಕಳೂ ಬರುತ್ತಿದ್ದರೆ ಅವರಿಗೆ 2017ರ ಜುಲೈ ತಿಂಗಳ ಕತೆ ಹೇಳಬಹುದು: ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ನಡೆದ ಮಹಿಳೆಯರ ಏಷ್ಯಾ ಕಪ್‌ನಲ್ಲಿ ಭಾರತ ಕಜಾಕಸ್ತಾನವನ್ನು ಸೋಲಿಸಿ ಬಿ ವಿಭಾಗವನ್ನು ಗೆದ್ದಿತ್ತು.

ಸ್ಯಾಕ್ರಮೆಂಟೊದಲ್ಲಿ ನೆಲೆಸಿ ಹಲವು ವರ್ಷಗಳಾದವು. ಮಾಲೀಕರು ಮುಂಬೈನಲ್ಲಿ ಹುಟ್ಟಿದವರು ಎಂಬ ಅಭಿಮಾನಕ್ಕೆ ಕಿಂಗ್ಸ್ ತಂಡವನ್ನು ಹಿಡಿದುಕೊಂಡೆ. ಹ್ಯಾಲಿಬರ್ಟನ್‌ನನ್ನು ಬಿಟ್ಟುಕೊಟ್ಟದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದು ತಪ್ಪಲ್ಲವೇ?
— ಕ್ಯಾಲಿಫೋರ್ನಿಯದ ಕನ್ನಡಿಗರು

ವಿವೇಕ್ ರಣದಿವೆ ಅವರು 2013ರಲ್ಲಿ ತಂಡವನ್ನು ಕೊಂಡ ಮೇಲೆ ಆದ ತಪ್ಪು ಯಾವುದು ಎಂದು ಕೇಳಿದರೆ ನಾನು ತೋರಿಸುವುದು 2018ನ್ನು. ಎರಡನೇ ಪಿಕ್ ಕೈಯಲ್ಲಿಟ್ಟುಕೊಂಡು ಕಿಂಗ್ಸ್ ಮಾರ್ವಿನ್ ಬ್ಯಾಗ್ಲಿಯನ್ನು ಕರೆಯಿತು, ಡಾನ್ಚಿಚ್ ಮೂರನೆಯವನಾಗಿ ಹೋದ. ಆ ದಿನ ನಾನೂ ಅದೇ ಮಾತು ಹೇಳಿದ್ದೆ ಎಂಬುದನ್ನು ಮೇಲೆ ಒಪ್ಪಿಕೊಂಡಿದ್ದೇನೆ, ಆದ್ದರಿಂದ ಮೆಲ್ಲಗೆ ಬೈಯುತ್ತೇನೆ.

ಹ್ಯಾಲಿಬರ್ಟನ್‌ನ ವಿಷಯ ಹಾಗಲ್ಲ. 2020ರಲ್ಲಿ 12ನೆಯವನಾಗಿ ಬಂದ ಟೈರೀಸ್ ಹ್ಯಾಲಿಬರ್ಟನ್‌ನನ್ನು 2022ರ ಫೆಬ್ರವರಿಯಲ್ಲಿ ಇಂಡಿಯಾನಾಕ್ಕೆ ಕೊಟ್ಟು ಡೊಮಾಂಟಸ್ ಸಬೋನಿಸ್‌ನನ್ನು ತಂದಾಗ, ಎಳೆಯನನ್ನು ಕೊಟ್ಟು ಬಲಿತವನನ್ನು ತರುವುದೇ ಎಂದು ಅಭಿಮಾನಿಗಳು ಕಣ್ಣೀರು ಹಾಕಿದ್ದು ನಿಜ. ಆದರೆ ಕಿಂಗ್ಸ್ ಆಗ ಸತತ 16ನೇ ಋತುವಿನಲ್ಲೂ ಪ್ಲೇಆಫ್ ಮುಖ ನೋಡದೆ ಲೀಗಿನ ದಾಖಲೆ ಮಾಡುವ ಹಾದಿಯಲ್ಲಿತ್ತು. ಸಬೋನಿಸ್ ಬಂದ ಮರುವರ್ಷ ಆ ಬರಗಾಲ ಮುಗಿಯಿತು, ಪ್ರತಿ ಗೆಲುವಿನ ನಂತರ ಕ್ರೀಡಾಂಗಣದ ಮೇಲಿಂದ ಆಕಾಶಕ್ಕೆ ನೇರಳೆ ಬೆಳಕಿನ ಕಂಬ ಹಚ್ಚುವ ಪದ್ಧತಿ ಶುರುವಾದದ್ದೂ ಅದೇ ಋತುವಿನಲ್ಲಿ. ಅತ್ತ ಹ್ಯಾಲಿಬರ್ಟನ್ 2025ರಲ್ಲಿ ಪೇಸರ್ಸ್‌ನನ್ನು ಫೈನಲ್ಸ್‌ನ ಏಳನೇ ಪಂದ್ಯದವರೆಗೆ ಕರೆದೊಯ್ದ, ಅದೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಕೋರ್ಟಿನ ಮೇಲೆ ಬಿದ್ದ. ಇಂಡಿಯಾನಾದವರು ಲಾಭದಲ್ಲಿದ್ದಾರೆ, ಒಪ್ಪುತ್ತೇನೆ. ಆದರೆ ಆ ನೇರಳೆ ಬೆಳಕು ಮೊದಲ ಬಾರಿಗೆ ಹತ್ತಿದ ವರ್ಷ ನೀವು ಅದೇ ಊರಿನಲ್ಲಿದ್ದಿರಿ. ಮನೆಯವರನ್ನು ಕರೆದು ಕಿಟಕಿಯಿಂದ ಅದನ್ನು ತೋರಿಸಲಿಲ್ಲವೇ? ಆ ರಾತ್ರಿ ಹ್ಯಾಲಿಬರ್ಟನ್ ನೆನಪಾದನೇ ಎಂಬುದನ್ನು ಮುಂದಿನ ಪತ್ರದಲ್ಲಿ ಬರೆಯಿರಿ.